ಮುಂಗೈ ಮೇಲಿನ ಯಜಮಾನರು

ಬನಶಂಕರಿಯ ಒಂದು ಕ್ಲಿನಿಕ್ಕಿನಲ್ಲಿ ಟಿಬಿ ರೋಗಿಗಳ ವಿವರ ಬರೆದುಕೊಂಡು ಮಾತ್ರೆ ಕೊಡುವುದು ನನ್ನ ಕೆಲಸ. ಒಂದು ಬೆಳಿಗ್ಗೆ ಹೊಸದಾಗಿ ಟಿಬಿ ಪತ್ತೆಯಾಗಿದ್ದ ವಸಂತಪುರದ ಕೆಂಪಮ್ಮ ಗಂಡನ ಜೊತೆ ಬಂದರು.

“ಯಜಮಾನರ ಹೆಸರೇನು ಆಂಟಿ?” ಅಂದೆ.

ಪಕ್ಕದಲ್ಲಿದ್ದ ಯಜಮಾನರು ಬಾಯಿ ತೆರೆದರು. “ನೀವು ಸುಮ್ನಿರಿ, ನನ್ನನ್ನ ಕೇಳಿರೋದು” ಅಂದರು ಕೆಂಪಮ್ಮ. ಆದರೆ ಗಂಡನ ಹೆಸರನ್ನು ಬಾಯಲ್ಲಿ ಹೇಳುವವರಲ್ಲ. ಮುಂಗೈ ಚಾಚಿ ಹಚ್ಚೆ ತೋರಿಸಿದರು. “ಓದ್ಕೊಳ್ಳಪ್ಪ.”

ಸಿದ್ದಪ್ಪ ಅಂತಿತ್ತು. ಅಕ್ಷರಗಳು ಮಾತ್ರ ಮದುವೆ ಕಾರ್ಡಿನ ಮೇಲಿನ ಹೆಸರಿನ ಹಾಗೆ ಉಬ್ಬಿಕೊಂಡಿದ್ದವು.

“ಇದು ಯಾವಾಗಿಂದ?”

“ಎರಡ್ ತಿಂಗಳಾಯ್ತು. ನೋವಿಲ್ಲ, ತುರಿಕೆ ಇಲ್ಲ. ಯಾರಿಗ್ ಹೇಳೋದು?”

ಚರ್ಮದ ಡಾಕ್ಟರ ಹತ್ತಿರ ಕಳಿಸಿದೆ. ಚೂರು ಚರ್ಮ ತೆಗೆದು ಪರೀಕ್ಷಿಸಿದರೆ ಸಾರ್ಕಾಯಿಡೋಸಿಸ್. ಹಳೇ ಹಚ್ಚೆ, ಗಾಯದ ಕಲೆ ಹುಡುಕಿಕೊಂಡು ಬಂದು ಕೂರುವ ಕಾಯಿಲೆಯಂತೆ. ಶ್ವಾಸಕೋಶದಲ್ಲಿ ಟಿಬಿ, ಕೈಯಲ್ಲಿ ಇದು. ಇದರ ಮಾತ್ರೆಯೊಂದನ್ನೇ ಕೊಟ್ಟರೆ ಟಿಬಿ ಕೆರಳುತ್ತದೆ ಅಂತ ಡಾಕ್ಟರು ಎರಡಕ್ಕೂ ಒಟ್ಟಿಗೆ ಔಷಧಿ ಬರೆದರು. ಟಿಬಿ ವಾಸಿಯಾಯಿತು, ಸಿದ್ದಪ್ಪನವರೂ ಚಪ್ಪಟೆಯಾದರು.

ಅಂದಿನಿಂದ, ಗಂಡ ಎದುರಿಗೇ ಕೂತಿದ್ದರೂ ನಾನು ಅವನ ಹೆಸರನ್ನು ಹೆಂಡತಿಯನ್ನೇ ಕೇಳುತ್ತೇನೆ. ಏನು ಪ್ರಯೋಜನ? ಈಗಿನವರು ಪಟ್ಟಂತ ಹೇಳಿಬಿಡುತ್ತಾರೆ.