ಸುಗಲಮ್ಮನ ಎಂಟು ಹೆಸರು

ದೇವಾಪುರದ ಸುಗಲಮ್ಮನ ಬಗ್ಗೆ ಬರೆಯಬೇಕೆಂದರೆ ಮೊದಲು ಆ ನಾಲ್ವರು ಗಡ್ಡದವರ ಬಗ್ಗೆ ಬರೆಯಬೇಕು. ನನ್ನ ಕರ್ಮ!

ಶಹಾಪುರದ ಬಸ್ ಸ್ಟ್ಯಾಂಡಿನ ಹಿಂದೆ ನನ್ನದೊಂದು ಸ್ಟುಡಿಯೋ ಇದೆ. ಸ್ಟುಡಿಯೋ ಎಂದರೆ ಸದ್ದು ತಡೆಯಲು ಗೋಡೆಗೆಲ್ಲ ಹಳೆ ಕೌದಿ ಬಡಿದ ಒಂದು ಕೋಣೆ, ಒಂದು ಕಂಪ್ಯೂಟರು, ಎರಡು ಮೈಕು. ಭಜನೆ, ಚುನಾವಣೆ ಪ್ರಚಾರ, ಕಾಲುವೆಗೆ ನೀರು ಬಿಡುವ ದಿನ ಆಟೋದಲ್ಲಿ ಕೂಗಿಸುವ ಸೂಚನೆ, ಇಷ್ಟೇ ನನ್ನ ಕೆಲಸ. ಎರಡು ಸಾವಿರದ ಹದಿಮೂರರಲ್ಲಿ ಗುರಣ್ಣ ಎಂಬಾತ ತನ್ನಂಥ ಇನ್ನೂ ಮೂವರು ಗಡ್ಡದವರ ರಾಕ್ ಬ್ಯಾಂಡು ಕಟ್ಟಿಕೊಂಡು ಅಲ್ಲಿಗೆ ಬಂದ. ಬರೀ ರಾಕ್ ಅಲ್ಲವಂತೆ, ಆಲ್ಟರ್ನೇಟಿವ್ ರಾಕ್. ಯಾವುದಕ್ಕೆ ಆಲ್ಟರ್ನೇಟಿವ್ ಎಂದು ಕೇಳಿದರೆ, “ಎಲ್ಲಾದಕ್ಕೂ, ದೇವಿಂದ್ರಣ್ಣ” ಎಂದ.

ಬ್ಯಾಂಡಿನ ಹೆಸರು ‘ಟೇಲ್ ಎಂಡ್’. ಕಾಲುವೆಯ ಕೊನೆಗೆ ಹೊಲವಿದ್ದು, ನೀರು ಸರಿಯಾಗಿ ಮುಟ್ಟದವರಿಗೆ ನಮ್ಮ ಕಡೆ ಹೇಳುವ ಮಾತದು. ಅವರ ನೋವನ್ನು ಇವರು ಹಾಡುತ್ತಾರಂತೆ. ಗುರಣ್ಣನ ಅಪ್ಪನ ಹೊಲ ಕಾಲುವೆಯ ತಲೆಗೇ ಇದೆ, ತೂಬನ್ನು ಮನೆಯ ನಲ್ಲಿಯಂತೆ ತಿರುಗಿಸುತ್ತಾರೆ. ಮೊದಲನೇ ಹಾಡಿನಲ್ಲಿ ‘ದಾಹ’ ಎಂಬ ಮಾತು ಮೂವತ್ತೊಂದು ಸಲ ಬರುತ್ತದೆ. ಪ್ರತಿ ಸಲ ಕೂಗಿದ ಮೇಲೂ ಮಹಾಶಯ ಫ್ರಿಜ್ಜಿನ ನೀರು ಕುಡಿಯುತ್ತಿದ್ದ.

ಏಳು ಹಾಡು ಮುಗಿದವು. ಎಂಟನೆಯದಕ್ಕೆ ಮಣ್ಣಿನ ವಾಸನೆ ಬೇಕೆಂದರು. ಮಣ್ಣು ಮುಟ್ಟಿದವರಾರೂ ಅವರಲ್ಲಿ ಇರಲಿಲ್ಲವಾದ್ದರಿಂದ ಸುಗಲಮ್ಮನನ್ನು ಕರೆತಂದರು.

ಕಾಲುವೆ ಬಂದ ವರ್ಷವೇ ಸುಗಲಮ್ಮ ಮದುವೆಯಾಗಿ ದೇವಾಪುರಕ್ಕೆ ಬಂದವಳು. ಜೋಳ ಬೆಳೆಯುತ್ತಿದ್ದ ಊರು ಭತ್ತಕ್ಕೆ ತಿರುಗಿತು. ಯಾರಿಗೂ ನಾಟಿಯ ಹಾಡು ಗೊತ್ತಿರಲಿಲ್ಲ. ರಾಶಿ ಮಾಡುವಾಗಿನ ಹಾಡುಗಳನ್ನೇ ಬಗ್ಗಿಸಿ, ಕೆಸರಿನಲ್ಲಿ ಕೈ ಆಡುವ ಲಯಕ್ಕೆ ಕೂಡಿಸಿದವಳು ಇವಳೇ. ಅವಳ ಗುಂಪಿನಲ್ಲಿ ಒಂಬತ್ತು ಹೆಂಗಸರು. ಅವಳು ಹಾಡು ಎತ್ತಿ ಉಳಿದ ಎಂಟು ಮಂದಿಯ ಹೆಸರನ್ನು ಒಂದೊಂದಾಗಿ ಹಾಡಿನಲ್ಲಿ ಕರೆಯುತ್ತಾಳೆ. ಕರೆಸಿಕೊಂಡವಳು ‘ಹೂಂ’ ಎಂದು ಮುಂದಿನ ಸಾಲು ಹಿಡಿಯಬೇಕು. ಒಂದು ಹೆಸರು ಬಿಟ್ಟರೆ, ಆಕೆ ಸತ್ತಿರಬೇಕು, ಇಲ್ಲವೇ ಗುಂಪಿನಿಂದ ಹೊರಗೆ ಹಾಕಿರಬೇಕು. ಸುಮ್ಮನೆ ಬಿಡುವ ರೂಢಿಯೇ ಇಲ್ಲ.

ಮೈಕಿನ ಮುಂದೆ ನಿಲ್ಲಿಸಿದರೆ ಅವಳಿಗೆ ದನಿಯೇ ಏಳಲಿಲ್ಲ. ಸೊಂಟ ಬಗ್ಗಿಸಿದ ಮೇಲೆ ಎದ್ದಿತು.

“ನಾಕು ನಿಮಿಷ ಹಾಡ್ರಿ ಯವ್ವಾ, ಸಾಕು” ಎಂದ ಗುರಣ್ಣ.

“ನಿಮಿಷ ನನಗೇನ್ ತಿಳೀತದಪ್ಪ. ಬದು ಎಲ್ಲದ ಹೇಳು. ಬದು ಬಂದಾಗ ಹಾಡು ಮುಗೀತದ.”

ನಾನು ಎದುರಿನ ಗೋಡೆಗೆ ನೇತುಬಿದ್ದ ಕೌದಿ ತೋರಿಸಿ, ಅದೇ ಬದು ಎಂದೆ. ಅವಳು ಅದಕ್ಕೆ ಬೆನ್ನು ಕೊಟ್ಟು, ಬಗ್ಗಿ, ಇಲ್ಲದ ಸಸಿ ಹಚ್ಚುತ್ತ ಹಿಂದೆ ಹಿಂದೆ ಸರಿದಳು. ನಾನು ಮೈಕು ಹಿಡಿದು ಜೊತೆಗೇ ಸರಿದೆ. ಹನ್ನೊಂದು ನಿಮಿಷ ಹಾಡಿ, ಎಂಟು ಹೆಸರನ್ನೂ ಕರೆದು, ಕೌದಿಗೆ ಬೆನ್ನು ತಾಗಿದಾಗ ನಿಲ್ಲಿಸಿದಳು. ಎಂಥಾ ದನಿ ಅಂತೀರಿ!

“ಎಂಟೂ ಹೆಸರು ಇರಬೇಕು ನೋಡು. ನಾ ಅವರಿಗೆ ಮಾತು ಕೊಟ್ಟು ಬಂದೀನಿ” ಎಂದಳು. ಗುರಣ್ಣ ಎದೆಯ ಮೇಲೆ ಕೈಯಿಟ್ಟು ಹೂಂ ಅಂದ.

ಅವಳು ಬಸ್ ಹತ್ತಿದ್ದೇ ತಡ, “ಆ ಹೆಸರೆಲ್ಲ ತಗೀರಿ ಅಣ್ಣ. ಯಾರಿಗೆ ಬೇಕ್ರಿ ಶೇಖಮ್ಮ, ಬಸ್ಸಮ್ಮ? ಗಿಟಾರಿಗೆ ಜಾಗ ಬೇಕು” ಎಂದ. ತೆಗೆದೆ. ಮೌಸು ನನ್ನ ಕೈಯಲ್ಲೇ ಇತ್ತು, ಬೇರೆ ಯಾರ ಕೈಯಲ್ಲೂ ಅಲ್ಲ. ಪೂರಾ ಹಾಡು ಕಂಪ್ಯೂಟರಿನಲ್ಲಿ ಉಳಿಯಿತು. ಅದೂ ನನ್ನ ಒಳ್ಳೆಯತನದಿಂದಲ್ಲ, ಅಳಿಸಲು ಸೋಮಾರಿತನ.

ಆಲ್ಬಂ ಹೊರಬಂತು. ಬಿಡುಗಡೆಯ ದಿನ ಗುರಣ್ಣ ಕರಿ ಕನ್ನಡಕ ಹಾಕಿಕೊಂಡು, ದನಿಯಿಲ್ಲದವರಿಗೆ ನಾವು ದನಿಯಾಗಿದ್ದೇವೆ ಎಂದು ಭಾಷಣ ಬಿಗಿದ. ವಾರದೊಳಗೆ ಹಾಡು ಕೆಂಭಾವಿ ಸಂತೆಯ ಮೊಬೈಲ್ ಅಂಗಡಿಯಿಂದ ಶೇಖಮ್ಮನ ಫೋನಿಗೆ ಬಂತು. ಎಂಟು ಹೆಂಗಸರು ಸುತ್ತ ಕೂತು, ತಮ್ಮ ಹೆಸರು ಈಗ ಬಂತು, ಆಗ ಬಂತು ಎಂದು ಕಾದರು. ಗಿಟಾರು ಬಂತು.

“ನಾವೆಲ್ಲ ಸತ್ತೇವೇನಬೇ ನಿನಗ?” ಎಂದಳಂತೆ ಶೇಖಮ್ಮ.

“ಹಾಡೀನಬೇ, ನಿನ್ನಾಣಿ!”

“ಹಾಡಿದ್ರ ಮಶೀನ್ಯಾಗ ಬರ್ತಿತ್ತು. ಮಶೀನು ಸುಳ್ಳು ಹೇಳ್ತದೇನು?”

ಮರುದಿನ ಗುಂಪು ಅವಳನ್ನು ಬಿಟ್ಟು ನಾಟಿಗೆ ಹೋಯಿತು. ಶೇಖಮ್ಮ ಹಾಡು ಎತ್ತಿದಳು. ಹೊಲದ ಹಾದಿಯ ಪಕ್ಕದ ತನ್ನ ಮನೆಯಲ್ಲಿ ಕೂತ ಸುಗಲಮ್ಮನಿಗೆ ಏಳು ಹೆಸರೂ ಕೇಳಿಸಿದವು. ತನ್ನದು ಮಾತ್ರ ಬರಲಿಲ್ಲ.

ಐದನೆಯ ದಿನ ಅವಳು ನನ್ನ ಬಾಗಿಲಲ್ಲಿ ನಿಂತಿದ್ದಳು. ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು.

“ತಮ್ಮಾ, ನಾ ಆವತ್ತು ಹೆಸರು ಹಾಡಿದ್ದು ಖರೇನೋ, ಸುಳ್ಳೋ? ನನಗೂ ಈಗ ಅನುಮಾನ ಬರಾಕತ್ತದ.”

ಅವಳನ್ನು ಒಳಗೆ ಕರೆದು ಕೂಡಿಸಿದೆ. ಪೂರಾ ಹಾಡು ಹಚ್ಚಿದೆ. ಎಂಟು ಹೆಸರಾಗುವ ತನಕ ಬೆರಳು ಮಡಚುತ್ತ ಕೂತಳು. “ಇದನ್ನ ಅಲ್ಲಿ ಬಂದು ಕೇಳಿಸು” ಎಂದಳು.

ಗುರಣ್ಣನಿಗೆ ಫೋನು ಮಾಡಿ, ನೀನೂ ಬಂದು ನಿಜ ಹೇಳು ಎಂದೆ. “ಅದು ಕಲೆಯ ವಿಚಾರ ಅಣ್ಣ, ಅವರಿಗೆ ತಿಳಿಯಂಗಿಲ್ಲ” ಎಂದ. ನಿನ್ನ ಕಲೆಗೆ ಬೆಂಕಿ ಹಚ್ಚ ಎಂದು ಫೋನಿಟ್ಟೆ.

ಮರುದಿನ ಸ್ಪೀಕರನ್ನು ಮೋಟರ್ ಸೈಕಲ್ಲಿಗೆ ಬಿಗಿದು, ಸುಗಲಮ್ಮನನ್ನು ಹಿಂದೆ ಕೂಡಿಸಿಕೊಂಡು ಹೊಲಕ್ಕೆ ಹೋದೆ. ಬದುವಿನ ಮೇಲೆ ಸ್ಪೀಕರಿಟ್ಟು ಹಾಡು ಹಚ್ಚಿದೆ. ಯಾರೂ ತಲೆಯೆತ್ತಲಿಲ್ಲ, ಸಸಿ ಹಚ್ಚುವ ಕೈ ನಿಲ್ಲಲಿಲ್ಲ. ಮೊದಲು ಬಂದದ್ದು ಶೇಖಮ್ಮನ ಹೆಸರು. ಆಕೆಯ ಬಾಯಿಂದ ತಾನಾಗೇ ‘ಹೂಂ’ ಬಂತು. ಮುಂದೆ ಬಸ್ಸಮ್ಮ, ಕರೆಮ್ಮ, ಸಾಯಬಮ್ಮ... ಎಂಟನೆಯವಳು ಓಗೊಟ್ಟಾಗ ಎಲ್ಲ ಕೈಗಳೂ ಕೆಸರಿನಲ್ಲೇ ನಿಂತಿದ್ದವು.

“ತಪ್ಪು ನಂದ್ರೆವ್ವಾ. ಹೆಸರು ಕತ್ತರಿಸಿದಾಂವ ನಾನು” ಎಂದೆ. ಯಾರೂ ನನ್ನ ಕಡೆ ನೋಡಲಿಲ್ಲ. ಶೇಖಮ್ಮ ಮೂಗೇರಿಸಿ, ಮತ್ತೆ ಬಗ್ಗಿ ಹಾಡು ಎತ್ತಿದಳು. ಅದರ ಮೊದಲ ಹೆಸರು ಸುಗಲಮ್ಮ.

ಸುಗಲಮ್ಮ ಸೀರೆ ಎತ್ತಿ ಕಟ್ಟಿ ಕೆಸರಿಗಿಳಿದಳು. ‘ಹೂಂ’ ಎಂದು ಮುಂದಿನ ಸಾಲು ಹಿಡಿದಳು. ಒಂಬತ್ತು ಬೆನ್ನುಗಳು ಬಗ್ಗಿ, ಹಾಡುತ್ತ, ನಾನು ನಿಂತ ಕಡೆಗೆ ಹಿಂದೆ ಹಿಂದೆ ಸರಿದು ಬಂದವು. ನನ್ನ ಹಾಳು ಬುದ್ಧಿ ನೋಡಿ, ಫೋನು ತೆಗೆದು ರೆಕಾರ್ಡ್ ಒತ್ತಿದ್ದೆ.

“ಸರಕೋ ತಮ್ಮಾ, ಬದು ಬಂತು” ಎಂದಳು ಸುಗಲಮ್ಮ, ತಿರುಗಿಯೂ ನೋಡದೆ.

ಫೋನು ಜೇಬಿಗೆ ಹಾಕಿಕೊಂಡು ಸರಿದೆ.