ಮಾತಿಗೆ ಸಿಕ್ಕ ಕ್ಯಾಪ್ಟನ್‌ಗಿರಿ

ಕಡೂರಿನ ನಮ್ಮ ಕಾಲೇಜು ಫುಟ್‌ಬಾಲ್ ತಂಡಕ್ಕೆ ನಾನು ಕ್ಯಾಪ್ಟನ್ ಆದದ್ದು ಕಾಲಿನಿಂದಲ್ಲ, ಬಾಯಿಯಿಂದ. ಎಂಬತ್ತರ ದಶಕದ ಆರಂಭದಲ್ಲಿ ನಮ್ಮ ಕಡೆ ಒಂದು ಪದ್ಧತಿಯಿತ್ತು: ಮೈದಾನದಲ್ಲಿ ರೆಫರಿಯ ಹತ್ತಿರ ಮಾತಾಡುವ ಹಕ್ಕು ಕ್ಯಾಪ್ಟನ್‌ಗೆ ಮಾತ್ರ. ಹಿಂದಿನ ವರ್ಷ ತಂಡ ಸೋತದ್ದಕ್ಕೆಲ್ಲ ರೆಫರಿಗಳೇ ಕಾರಣವೆಂದು ಹುಡುಗರು ನಂಬಿದ್ದರು. ಪುರಾವೆ ಕೇಳಿದೆ, ಯಾರ ಬಳಿಯೂ ಇರಲಿಲ್ಲ. ಅಷ್ಟು ಕೇಳಿದ್ದೇ ತಪ್ಪಾಯಿತು. ಚರ್ಚಾಸ್ಪರ್ಧೆಯಲ್ಲಿ ಗೆಲ್ಲುತ್ತಿದ್ದ ನನ್ನನ್ನೇ ಹಿಡಿದು ಕ್ಯಾಪ್ಟನ್ ಮಾಡಿದರು.

"ನೀನು ಹಿಂದೆ ನಿಂತ್ಕೊ ಸಾಕು," ಎಂದ ನಮ್ಮ ಸೆಂಟರ್ ಫಾರ್ವರ್ಡ್. ಎಮ್ಮೆದೊಡ್ಡಿ ಕಡೆಯವನು, ಬರಿಗಾಲಲ್ಲೇ ಆಡುತ್ತಿದ್ದ. ತಂಡದ ಗೋಲುಗಳೆಲ್ಲ ಅವನವೇ. "ಬಾಲ್ ಬಂದ್ರೆ ಪಕ್ಕಕ್ಕೆ ಸರ್ಕೊ. ರೆಫರಿ ಬಂದ್ರೆ ಮುಂದಕ್ಕೆ ಬಾ."

ಸರಿದುಕೊಂಡೆ. ಆದರೆ ಮೈದಾನದಲ್ಲಿ ನಿಂತವನಿಗೆ ಚೆಂಡು ಬೇಡವೆಂದರೆ ಹೇಗೆ? ಅಜ್ಜಂಪುರದಲ್ಲಿ ಆಫ್‌ಸೈಡ್ ಎಂದು ವಾದಿಸಿ ಎದುರಾಳಿಗಳ ಗೋಲನ್ನೇ ರದ್ದು ಮಾಡಿಸಿದೆ. ಗೆದ್ದೆವು. ಹುಡುಗರು ಫಾರ್ವರ್ಡ್‌ನನ್ನು ಹೆಗಲ ಮೇಲೆ ಹೊತ್ತು ಕುಣಿದರು. ನಾನು ಅವರ ಚಪ್ಪಲಿ ಕಾದೆ. ಒಂದು ಸಲ, ಒಂದೇ ಸಲ ನನ್ನ ಕಾಲಿನಿಂದ ಗೋಲಾಗಬೇಕು ಎಂಬುದು ತಲೆಗೆ ಹೊಕ್ಕಿತು. ಆಮೇಲೆ ಕ್ಲಾಸಿನಲ್ಲಿ ಬೆಂಚು ಒದ್ದೆ, ದಾರಿಯ ಕಲ್ಲು ಒದ್ದೆ, ಊಟಕ್ಕೆ ಕೂತಾಗಲೂ ಕಾಲು ಕುಣಿಯುತ್ತಿತ್ತು.

"ಏನಪ್ಪಾ, ಚಡ್ಡಿಗೆ ಇರುವೆ ಬಿಟ್ಕೊಂಡಿದೀಯಾ?" ಎಂದು ಅವ್ವ ಗದರಿದಳು.

ಕೊನೆಯ ಪಂದ್ಯ ತರೀಕೆರೆಯಲ್ಲಿ. ಗೆದ್ದರೆ ಮುಂದಿನ ಸುತ್ತು, ಸಮವಾದರೂ ಮನೆಗೆ. ಗೋಲಿಲ್ಲದೆ ಆಟ ಮುಗಿಯುತ್ತಾ ಬಂದಾಗ, ಗೋಲಿನ ಮುಂದೆಯೇ ಅವರ ಆಟಗಾರನ ಕೈಗೆ ಚೆಂಡು ತಗುಲಿತು. ಅದು ತಾನಾಗಿ ಬಡಿದದ್ದು ಎಂದರು ರೆಫರಿ. ನಾನು ಮುಂದಕ್ಕೆ ಬಂದೆ.

"ಕೈ ಮೈಗಂಟ್ಕೊಂಡಿದ್ರೆ ಒಪ್ತೀನಿ ಸಾರ್. ತಲೆ ಮೇಲೆ ಎತ್ತಿದ ಕೈ, ಅದೂ ತಾನಾಗೇ ಎದ್ದಿತ್ತಾ?"

ಪೆನಾಲ್ಟಿ ಸಿಕ್ಕಿತು. ಫಾರ್ವರ್ಡ್ ಚೆಂಡು ಇಟ್ಟ. ನಾನು ಎತ್ತಿಕೊಂಡೆ.

"ಲೇ, ಏನೋ ಇದು?"

"ಇದನ್ನ ತಂದೋನು ನಾನು. ಒದೆಯೋನೂ ನಾನೇ."

"ನಿಂದು ಬಾಯಿ ಕೆಲ್ಸ ಕಣೋ! ಇಡು ಕೆಳಗೆ."

"ಯಾರು ಒದೀಬೇಕು ಅಂತ ಹೇಳೋನು ಕ್ಯಾಪ್ಟನ್. ನನ್ನ ಕ್ಯಾಪ್ಟನ್ ಮಾಡ್ದೋರು ಯಾರು? ನೀವೇ ಅಲ್ವಾ?"

ಅವನು ಪಕ್ಕಕ್ಕೆ ಸರಿದ. ಗೆದ್ದೆ. ಗೆದ್ದ ಮೇಲೆ ಒದೆಯಬೇಕಲ್ಲ, ಅದನ್ನು ಯೋಚಿಸಿರಲಿಲ್ಲ. ಓಡಿ ಬಂದು ಒದ್ದೆ. ಚೆಂಡು ಉರುಳಿಕೊಂಡು ಹೋಯಿತು. ಹಿತ್ತಲಲ್ಲಿ ಬಿದ್ದ ತೆಂಗಿನಕಾಯಿ ಎತ್ತಿಕೊಳ್ಳುವವನಂತೆ ಅವರ ಗೋಲ್‌ಕೀಪರ್ ಬಗ್ಗಿ ಎತ್ತಿಕೊಂಡ.

ನಮ್ಮ ಸೀಸನ್ ಅಲ್ಲಿಗೆ ಮುಗಿಯಿತು. ವಾಪಸು ಬರುವಾಗ ಬಸ್ಸಿನಲ್ಲಿ ಯಾರೂ ನನ್ನ ಕಡೆ ತಿರುಗಲಿಲ್ಲ. ಬೀರೂರು ದಾಟಿದ ಮೇಲೆ ಫಾರ್ವರ್ಡ್ ಎದ್ದು ಬಂದು ಪಕ್ಕದಲ್ಲಿ ಕೂತ. ಬೈಯುತ್ತಾನೆಂದು ಉತ್ತರ ಜೋಡಿಸಿಕೊಂಡೆ.

"ಒದ್ದಾಯ್ತಲ್ಲ. ಸಾಕಾಯ್ತಾ?"

ಜೋಡಿಸಿದ ಯಾವ ಉತ್ತರವೂ ಇದಕ್ಕೆ ಹೊಂದಲಿಲ್ಲ.

"ಸಾಲ್ದು ಕಣೋ," ಎಂದೆ.

"ನಂಗೂ ಯಾವತ್ತೂ ಸಾಲಲ್ಲ." ಸೀಟಿನಡಿಯ ಚೆಂಡನ್ನು ಎಳೆದು ನನ್ನ ಕಡೆ ತಳ್ಳಿದ. "ಬೆರಳಲ್ಲಿ ಒದ್ದೆ ನೀನು. ಹಂಗಲ್ಲ. ಪಾದದ ಮೇಲ್ಗಡೆ, ಇಲ್ಲಿ ತಾಗ್ಬೇಕು."

"ಲೇ, ಬಸ್ಸಲ್ಲಿ ಬಾಲ್ ಆಡ್ಬೇಡ್ರೋ!" ಕಂಡಕ್ಟರ್ ಕೂಗಿದ.

"ಆಡ್ತಿಲ್ಲ ಕಣ್ರೀ," ಎಂದ ಫಾರ್ವರ್ಡ್, "ನಮ್ ಕ್ಯಾಪ್ಟನ್‌ಗೆ ಕಲಿಸ್ತಿದೀನಿ."