ಬಣ್ಣದ ಮಹಡಿಯ ಆಮೋಸ್

ನನ್ನ ಅಕ್ಕ ಹೆಟ್ಟಿಯ ಗಂಡ ಆಮೋಸ್ ಟ್ರಂಟರ್ ಕೊವೆಂಟ್ರಿಯಲ್ಲಿ ಕಾರುಗಳಿಗೆ ಬಣ್ಣ ಹಚ್ಚುತ್ತಿದ್ದ. ಅವನಪ್ಪ ಕುದುರೆ ಸಾರೋಟುಗಳಿಗೆ ಹಚ್ಚಿದವನು. ಮಗನ ಕಾಲಕ್ಕೆ ಕುದುರೆ ಹೋಗಿ ಎಂಜಿನ್ ಬಂತು, ಕೆಲಸ ಮಾತ್ರ ಅದೇ ಉಳಿಯಿತು. ಎಂಜಿನ್ನು, ಚಕ್ರ, ಅಡಿಗಟ್ಟು ಬೇರೆ ಕಾರ್ಖಾನೆಯಿಂದ ಬರುತ್ತಿದ್ದವು. ಅದರ ಮೇಲೆ ಗಿರಾಕಿ ಬಯಸಿದ ಮೈಯನ್ನು ಮರದಲ್ಲಿ ಕಟ್ಟಿ ತಗಡು ಹೊದಿಸುವುದು ನಮ್ಮ ಕಾರ್ಖಾನೆಯ ಕಸುಬು. ಬೇಸಿಗೆಯ ತಿರುಗಾಟಕ್ಕೆ ತೆರೆದ ಟೂರರ್, ಹಿಂದಿನ ಸೀಟಿನವರಿಗೆ ಮಾತ್ರ ಮಡಚುವ ಚರ್ಮದ ಚಾವಣಿಯಿರುವ ಲ್ಯಾಂಡೊಲೆಟ್, ಯಜಮಾನರು ಗಾಜಿನೊಳಗೆ ಬೆಚ್ಚಗೆ ಕೂತು ಡ್ರೈವರ್ ಮುಂದೆ ಮಳೆಯಲ್ಲಿ ನೆನೆಯುವ ಲಿಮೋಸಿನ್. ನಾನು ಕೆಳಗಿನ ಅಂತಸ್ತಿನಲ್ಲಿ ಸೀಟಿನ ಚರ್ಮ ಹೊಲಿಯುತ್ತಿದ್ದೆ. ಆಮೋಸ್ ಮೇಲಿನ ಬಣ್ಣದ ಮಹಡಿಯಲ್ಲಿದ್ದ.

ಬಾಗಿಲಿನ ಅಂಚಿಗೆ ಕೂದಲೆಳೆಯಷ್ಟು ಸಣ್ಣ ಗೆರೆ ಎಳೆಯುವುದರಲ್ಲಿ ಅವನಿಗೆ ಸಮನಾದವರು ಅಲ್ಲಿ ಯಾರೂ ಇರಲಿಲ್ಲ. ಆದರೆ ಗೆರೆಗೆ ಮೊದಲು ಅಡಿಬಣ್ಣವಾಗಬೇಕು. ಅದು ಸೀಸದ ಬಿಳಿ ಬಣ್ಣ. ಮತ್ತೆ ಮತ್ತೆ ಹಚ್ಚಿ, ಒಣಗಿಸಿ, ಪ್ರತಿ ಸಲವೂ ಉಜ್ಜಿ ನುಣುಪು ಮಾಡಬೇಕು. ನೀರು ಹಾಕಿ ಕಲ್ಲಿನಿಂದ ಉಜ್ಜಿದರೆ ಪುಡಿ ಏಳುವುದಿಲ್ಲ, ಆದರೆ ತಡವಾಗುತ್ತದೆ.

ಹೊಸ ದೊರೆಯ ಪಟ್ಟಾಭಿಷೇಕದ ವರ್ಷ. ಲಂಡನ್ನಿನ ಕಾರು ಪ್ರದರ್ಶನ ಹತ್ತಿರವಾಗುತ್ತಿತ್ತು. ಹೊಸದಾಗಿ ಬಂದ ಮೇಸ್ತ್ರಿ ಗ್ಯಾಸ್ಕಿನ್ ನೀರಿನ ಬಕೆಟ್ಟುಗಳನ್ನೆಲ್ಲ ತೆಗೆಸಿದ.

“ಇನ್ಮೇಲೆ ಉಪ್ಪುಕಾಗದದಲ್ಲಿ ನೀರಿಲ್ಲದೇ ಉಜ್ಜಿ. ಕಾರು ತೊಳೆಯೋಕೆ ನಿಮಗೆ ಸಂಬಳ ಕೊಡ್ತಿಲ್ಲ.”

“ಹಂಗಾದ್ರೆ ಕಿಟಕಿಯಾದ್ರೂ ತೆಗೀರಿ, ಮಿಸ್ಟರ್ ಗ್ಯಾಸ್ಕಿನ್,” ಎಂದ ಆಮೋಸ್.

“ತೆಗೆದ್ರೆ ಪಕ್ಕದ ಕೋಣೆಲಿರೋ ಹಸಿ ವಾರ್ನಿಷ್ ಮೇಲೆ ಧೂಳು ಕೂರುತ್ತೆ. ನಿನ್ನ ಮೂಗಿಗಿಂತ ಅದು ದುಬಾರಿ ಕಣಯ್ಯ.”

ಎಲ್ಲರೂ ನಕ್ಕರು. ಆಮೋಸನೂ ನಕ್ಕ.

ಕೆಲವೇ ವಾರಗಳಲ್ಲಿ ಅವನ ಊಟ ಕಡಿಮೆಯಾಯಿತು. ಮುಖ ಸುಣ್ಣ ಬಳಿದ ಗೋಡೆಯಂತಾಯಿತು. ಹೊಟ್ಟೆ ಹಿಂಡಿಕೊಂಡು ಬಂದಾಗ ಅಡುಗೆಮನೆಯ ನೆಲದಲ್ಲಿ ಮೊಣಕಾಲು ಮಡಚಿ ಮಲಗುತ್ತಿದ್ದ. “ಏನು ತಿಂದ್ರೂ ಬಾಯೆಲ್ಲ ಸಿಹಿ ಸಿಹಿ, ರೋಡಾ,” ಎಂದ ನನ್ನ ಹತ್ತಿರ. ಅವನಿಗಿಂತ ಮುಂಚೆ ಅದೇ ಜಾಗದಲ್ಲಿ ನಿಂತು ಉಜ್ಜುತ್ತಿದ್ದವನೂ ಹೀಗೇ ಹೇಳಿದ್ದ. ಅವನನ್ನು ಆಸ್ಪತ್ರೆಗೆ ಸೇರಿಸಿದ ಮೇಲೆ ಮಹಡಿಯಲ್ಲಿ ಯಾರೂ ಅವನ ಹೆಸರೆತ್ತುತ್ತಿರಲಿಲ್ಲ.

ಸೀಸ ಮೈಗೇರಿದರೆ ವಸಡಿನ ಅಂಚಿಗೆ ನೀಲಿ ಗೆರೆ ಮೂಡುತ್ತದೆ. ಕಾರ್ಖಾನೆಗೆ ಬರುವ ಡಾಕ್ಟರು ಅದನ್ನು ಕಂಡರೆ ಕೆಲಸದಿಂದ ನಿಲ್ಲಿಸುತ್ತಿದ್ದರು. ಅದಕ್ಕೇ ಅವರು ಬರುವ ದಿನ ಗಂಡಸರೆಲ್ಲ ರಕ್ತ ಬರುವಂತೆ ವಸಡಿಗೆ ಉಪ್ಪು ತಿಕ್ಕಿಕೊಳ್ಳುತ್ತಿದ್ದರು. ಆಮೋಸನೂ ತಿಕ್ಕಿಕೊಂಡ. ಹೆಟ್ಟಿ ಬಸುರಿಯಾಗಿದ್ದಳು, ಅವನು ಕೆಲಸ ಬಿಟ್ಟು ಮನೆಯಲ್ಲಿ ಕೂರುವ ಹಾಗಿರಲಿಲ್ಲ.

ಒಂದು ಭಾನುವಾರ ಪ್ರಾರ್ಥನೆ ಮುಗಿಸಿ ಬಂದು ಮೂವರೂ ಊಟಕ್ಕೆ ಕೂತಿದ್ದೆವು. ನಾನೇನೋ ತಮಾಷೆ ಮಾಡಿದೆ. ಹೆಟ್ಟಿ ಬಾಯಿ ತುಂಬ ನಕ್ಕಳು. ಕಿಟಕಿಯ ಬೆಳಕು ಅವಳ ಮುಖದ ಮೇಲಿತ್ತು. ಆಮೋಸನ ಚಮಚ ತಟ್ಟೆಗೆ ಬಿತ್ತು.

“ಹೆಟ್ಟಿ, ಬಾಯಿ ತೆಗಿ.”

“ಯಾಕೆ? ಹಲ್ಲಲ್ಲಿ ಸೊಪ್ಪು ಸಿಕ್ಕಿದ್ಯಾ?”

“ತೆಗಿ ಅಂದೆ.”

ಹೆಬ್ಬೆರಳಿನಿಂದ ಅವಳ ತುಟಿ ಸರಿಸಿ ನೋಡಿದ. ನಾನೂ ನೋಡಿದೆ. ಹಲ್ಲಿನ ಬುಡದಲ್ಲಿ ಅವನು ಎಳೆಯುತ್ತಿದ್ದಂಥದೇ ಸಣ್ಣ ಗೆರೆ, ನೀಲಿ.

“ನಾನೇನು ಬಣ್ಣ ಬಳಿಯೋಕೆ ಹೋಗಿದ್ನಾ?” ಎಂದಳು ಹೆಟ್ಟಿ, ಇನ್ನೂ ಅರ್ಧ ನಗುತ್ತಲೇ. ಆಮೇಲೆ ಬಾಗಿಲ ಹಿಂದೆ ನೇತಾಡುತ್ತಿದ್ದ ಅವನ ಕೆಲಸದ ಅಂಗಿಯತ್ತ ನೋಡಿದಳು. ವಾರ ವಾರವೂ ಒಲೆಯ ಮುಂದೆ ಅದನ್ನು ಕೊಡವಿ ಒಗೆಯುತ್ತಿದ್ದವಳು ಅವಳೇ. ಅವಳ ನಗು ನಿಂತಿತು.

ಸೋಮವಾರ ಆಮೋಸ್ ಎಲ್ಲಿಂದಲೋ ಒಂದು ಬಕೆಟ್ ನೀರು ಹೊತ್ತು ತಂದು ಪ್ರದರ್ಶನದ ಲಿಮೋಸಿನ್ ಮೇಲೆ ಸುರಿದ. ಕಲ್ಲು ಹಿಡಿದು ಉಜ್ಜತೊಡಗಿದ. ಗದ್ದಲ ಕೇಳಿ ನಾವು ಹೆಂಗಸರು ಮೆಟ್ಟಿಲಿನವರೆಗೂ ಹೋದೆವು.

“ಹುಚ್ಚು ಹಿಡೀತೇನೋ?” ಎಂದು ಗ್ಯಾಸ್ಕಿನ್ ಕೂಗಿದ.

“ನನ್ನ ಹೆಂಡ್ತಿ ಈ ಮಹಡಿ ಹತ್ತಿಲ್ಲ, ಮಿಸ್ಟರ್ ಗ್ಯಾಸ್ಕಿನ್. ಆದ್ರೂ ಅವಳ ಬಾಯಲ್ಲಿ ನಿಮ್ಮ ಪುಡಿ ಇದೆ.” ಆಮೋಸ್ ಉಳಿದ ಕೆಲಸಗಾರರತ್ತ ತಿರುಗಿದ. “ನೀವೂ ಮನೆಗೆ ಹೋಗಿ ನೋಡ್ರಪ್ಪ. ಹೆಂಡ್ತಿ ಬಾಯಿ ನೋಡಿ, ಮಕ್ಕಳ ಬಾಯಿ ನೋಡಿ.”

ಆಮೋಸ್ ಮತ್ತೆ ಕಲ್ಲೆತ್ತಲು ಹೋದ. ಅದು ಜಾರಿ ಬಿತ್ತು. ಬಗ್ಗಿ ಹಿಡಿದ, ಮತ್ತೆ ಬಿತ್ತು. ತೋಳೆತ್ತಿದರೆ ಅಂಗೈ ಮಣಿಕಟ್ಟಿನಿಂದ ಸತ್ತ ಹಕ್ಕಿಯ ಕತ್ತಿನಂತೆ ಜೋತಾಡುತ್ತಿತ್ತು. ಸೀಸ ಕೈಯ ನರಗಳಿಗೂ ಇಳಿದಿತ್ತು. ಅವನು ಅದನ್ನು ಬೇರೆ ಯಾರದೋ ಕೈ ಎಂಬಂತೆ ನೋಡುತ್ತ ನಿಂತ. ಗ್ಯಾಸ್ಕಿನ್ ಕೂಡ ಒಂದು ಹೆಜ್ಜೆ ಹಿಂದೆ ಸರಿದ. ಆಮೇಲೆ, “ಇವನನ್ನ ಕೆಳಗಿಳಿಸಿ, ಲೆಕ್ಕ ಮುಗಿಸಿ ಕಳಿಸಿ,” ಎಂದ.

ನಾನು ಅವನನ್ನು ಮನೆಗೆ ಕರೆದುಕೊಂಡು ಹೋದೆ. ನಮ್ಮ ಹಿಂದೆ ಉಪ್ಪುಕಾಗದದ ಸದ್ದು ಮತ್ತೆ ಶುರುವಾಯಿತು.

ಆ ತಿಂಗಳೇ ಹೆಟ್ಟಿಯ ಬಸಿರು ನಿಲ್ಲದೆ ಇಳಿದುಹೋಯಿತು. ಗಂಡ ಹೆಂಡತಿ ಊರು ಬಿಟ್ಟು ಕೆನಿಲ್ವರ್ತ್ ದಾರಿಯಲ್ಲಿ ನಮ್ಮ ಚಿಕ್ಕಪ್ಪನ ತರಕಾರಿ ತೋಟ ಸೇರಿಕೊಂಡರು. ಗಾಳಿ ಚೆನ್ನಾಗಿತ್ತು, ಹಾಲು ಸಿಗುತ್ತಿತ್ತು. ಆಮೋಸನ ಮುಖಕ್ಕೆ ಕಳೆ ಬಂತು. ಬುಟ್ಟಿಯ ಹಿಡಿಯನ್ನು ಮೊಣಕೈಗೆ ಸಿಕ್ಕಿಸಿಕೊಂಡು ಎಲೆಕೋಸು ಹೊರುತ್ತಿದ್ದ. ಅಂಗಿಯ ಗುಂಡಿಯನ್ನು ಮಾತ್ರ ಹೆಟ್ಟಿಯೇ ಹಾಕಬೇಕಿತ್ತು. ಪ್ರದರ್ಶನದಲ್ಲಿ ಆ ಲಿಮೋಸಿನ್‌ಗೆ ಒಳ್ಳೆಯ ಹೆಸರು ಬಂತೆಂದು ನಾನು ಅವನಿಗೆ ಹೇಳಲೇ ಇಲ್ಲ.

ಈಗ ಹೆಟ್ಟಿ ಮತ್ತೆ ಬಸುರಿ. ವಸಡಿನ ಗೆರೆ ಮಾಸಿದೆ, ಪೂರ್ತಿ ಹೋಗಿಲ್ಲ. ಮಗು ಹೇಗಿರುತ್ತದೆಂದು ಕೇಳಿದ್ದಕ್ಕೆ ಡಾಕ್ಟರು ಟೋಪಿ ಕೈಗೆತ್ತಿಕೊಂಡು, “ನೋಡೋಣಮ್ಮ,” ಎಂದರಂತೆ. ಕಳೆದ ಭಾನುವಾರ ನಾನು ಹೋದಾಗ ಆಮೋಸ್ ಅವಳ ಪಕ್ಕ ಕೂತಿದ್ದ. ಅವಳು ಅವನ ಜೋತ ಕೈಯನ್ನೆತ್ತಿ ತನ್ನ ಹೊಟ್ಟೆಯ ಮೇಲಿಟ್ಟುಕೊಂಡಿದ್ದಳು.

“ಒದೀತಿದ್ಯಾ?” ಎಂದು ಕೇಳಿದೆ.

“ನಿನ್ನೆ ಒದ್ದಿತ್ತು,” ಎಂದಳು ಹೆಟ್ಟಿ.